ಮೈ ಮೇಲೆ ಗಾಯವಿಲ್ಲ, ಮನಸ್ಸಿಗೆ ಏಟು ಬಿದ್ದಿದೆ: ವರ್ಕ್‌ಕವರ್ ಸಿಗುತ್ತಾ?

ಪ್ರಶ್ನೆ: ನಾನು ಹಾಸನದ ಕಡೆಯವಳು. ಮೆಲ್ಬರ್ನ್ ಹೊರಗಿನ ಒಂದು ಏಜ್ಡ್ ಕೇರ್ ಹೋಮ್‌ನಲ್ಲಿ ಕೇರರ್ ಆಗಿದ್ದೇನೆ, 482 ವೀಸಾದಲ್ಲಿ (ಮಾಲೀಕರು ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ). ಏಳು ವಾರದ ಹಿಂದೆ ನೈಟ್ ಶಿಫ್ಟ್‌ನಲ್ಲಿ ಒಬ್ಬಳೇ ಇದ್ದಾಗ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಒಬ್ಬ ಹಿರಿಯರು ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು. ಹೇಗೋ ಬಿಡಿಸಿಕೊಂಡೆ. ಬೆಳಿಗ್ಗೆ ಇನ್ಸಿಡೆಂಟ್ ಫಾರ್ಮ್ ಬರೆದುಕೊಟ್ಟೆ. ಕುತ್ತಿಗೆಯ ಕಲೆ ವಾರದಲ್ಲಿ ಹೋಯಿತು. ಆದರೆ ನಿದ್ದೆ ಇಲ್ಲ, ಶಿಫ್ಟ್‌ಗೆ ಹೊರಡುವ ಹೊತ್ತಿಗೆ ವಾಂತಿ, ಎದೆ ಡವಡವ. ಆ ವಿಂಗ್‌ನಲ್ಲಿ ರಾತ್ರಿ ಒಬ್ಬಳೇ ಬೇಡ ಅಂತ ಕೇಳಿದ್ದಕ್ಕೆ ಸೂಪರ್‌ವೈಸರ್ ಎಲ್ಲರೆದುರು "ಆಗದಿದ್ದರೆ ಮನೆಗೆ ಹೋಗು" ಅಂದರು. ಆಮೇಲೆ ಶಿಫ್ಟ್ ಕಡಿಮೆ ಮಾಡಿದರು. ಜಿಪಿ (ಫ್ಯಾಮಿಲಿ ಡಾಕ್ಟರ್) ಮೂರು ದಿನಕ್ಕೆ "ವರ್ಕ್ ಸ್ಟ್ರೆಸ್" ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಮ್ಯಾನೇಜರ್ ಹೇಳುತ್ತಾರೆ, ಕಾನೂನು ಬದಲಾಗಿದೆ, ಸ್ಟ್ರೆಸ್‌ಗೆ ವರ್ಕ್‌ಕವರ್ (ಕೆಲಸದಲ್ಲಾದ ಗಾಯಕ್ಕೆ ಸಿಗುವ ವಿಮೆ ಪರಿಹಾರ) ಇಲ್ಲ ಅಂತ. ಗಂಡ ಕೆಲಸ ಬಿಡು ಅನ್ನುತ್ತಾರೆ. ಗೆಳತಿ, "ಮೆಂಟಲ್ ಅಂತ ದಾಖಲಾದರೆ ಪಿಆರ್ (ಶಾಶ್ವತ ವೀಸಾ) ಹೋಯಿತು" ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಏಳು ವಾರದಿಂದ ನಿದ್ದೆ ಇಲ್ಲದೆ ಕೆಲಸಕ್ಕೆ ಹೋಗುತ್ತಿದ್ದೀರಿ. ಇದು ನಿಮ್ಮ ಕೈಲಾಗದ ಗುಣ ಅಲ್ಲ. ಕುತ್ತಿಗೆ ಹಿಡಿಸಿಕೊಂಡವರಿಗೆ ಹೀಗಾಗುವುದು ಸಹಜ, ಮತ್ತು ಇದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದರೆ ಕ್ಲೈಮ್, ವೀಸಾ ಎಲ್ಲ ಬದಿಗಿಟ್ಟು ಲೈಫ್‌ಲೈನ್‌ಗೆ ಫೋನ್ ಮಾಡಿ: 13 11 14. ತುರ್ತಾದರೆ 000.

ಈಗ ನೇರ ಉತ್ತರ. ಹೌದು, ನೀವು ಕ್ಲೈಮ್ ಹಾಕಬಹುದು. ಮ್ಯಾನೇಜರ್ ಹೇಳಿದ್ದು ಅರ್ಧ ಮಾತ್ರ ನಿಜ, ಆ ಅರ್ಧ ನಿಮಗೆ ಅನ್ವಯಿಸುವುದೂ ಕಷ್ಟ. ಆದರೆ ನಿಮ್ಮ ಕ್ಲೈಮ್ ನಿಲ್ಲುತ್ತದಾ ಬೀಳುತ್ತದಾ ಅನ್ನುವುದು ನೀವೆಷ್ಟು ನೋವು ಅನುಭವಿಸುತ್ತಿದ್ದೀರಿ ಅನ್ನುವುದರಿಂದ ತೀರ್ಮಾನ ಆಗುವುದಿಲ್ಲ. ಏನು ನಡೆಯಿತು, ಯಾವತ್ತು ನಡೆಯಿತು, ಡಾಕ್ಟರ್ ಅದಕ್ಕೆ ಏನು ಹೆಸರು ಕೊಟ್ಟರು ಅನ್ನುವ ಮೂರು ಸಂಗತಿ ಈ ಕೆಲವು ವಾರದಲ್ಲಿ ಕಾಗದದ ಮೇಲೆ ಹೇಗೆ ಬರುತ್ತವೆ ಅನ್ನುವುದೇ ಬಹುಪಾಲು ತೀರ್ಮಾನಿಸುತ್ತದೆ. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಇದೆಲ್ಲ ವಿಕ್ಟೋರಿಯಾ ರಾಜ್ಯದ ಮಾತು. ಸಿಡ್ನಿಯಲ್ಲೋ ಬ್ರಿಸ್ಬೇನ್‌ನಲ್ಲೋ ಇರುವವರು ಇದನ್ನೇ ನೆಚ್ಚಿಕೊಳ್ಳಬಾರದು, ಅಲ್ಲಿನ ನಿಯಮ ಬೇರೆ.

ಕಾನೂನು ಎಲ್ಲಿ ಬದಲಾಯಿತು ಅಂತ ನೋಡೋಣ. ಇಲ್ಲಿ ಕೆಲಸಗಾರರ ಪರಿಹಾರ 2013ರ ಒಂದು ಕಾಯ್ದೆಯ ಕೆಳಗೆ ನಡೆಯುತ್ತದೆ. ಅದಕ್ಕೆ ತಿದ್ದುಪಡಿ ಬಂದು 2024ರ ಮಾರ್ಚ್ 31ರಿಂದ ಮನಸ್ಸಿನ ಗಾಯದ ಕ್ಲೈಮ್‌ಗಳಿಗೆ ಬಾಗಿಲು ಸ್ವಲ್ಪ ಕಿರಿದಾಯಿತು. ಈಗ ಮೂರು ವಿಷಯ ತೋರಿಸಬೇಕು. ಗಾಯದಿಂದ ನಿಮ್ಮ ನಡವಳಿಕೆ, ಯೋಚನೆ ಅಥವಾ ಮನಸ್ಸಿನ ಕೆಲಸ ಗಣನೀಯವಾಗಿ ಕೆಟ್ಟಿರಬೇಕು. ಮೆಡಿಕಲ್ ಡಾಕ್ಟರ್ ಒಬ್ಬರು ಡಿಎಸ್‌ಎಂ ಎಂಬ ಮನೋರೋಗದ ಕೈಪಿಡಿಯ ಪ್ರಕಾರ ಅದನ್ನು ಗುರುತಿಸಿರಬೇಕು. ಅದು ಪ್ರಧಾನವಾಗಿ ಕೆಲಸದಿಂದಲೇ ಬಂದಿರಬೇಕು. ಇದರ ಜೊತೆ ಒಂದು ಹೊರಗಿಡುವ ನಿಯಮವೂ ಬಂತು. ಆ ಕೆಲಸದಲ್ಲಿ ಮಾಮೂಲಾಗಿ ಆಗುವಂಥ, ಆಗಬಹುದು ಅಂತ ನಿರೀಕ್ಷಿಸಬಹುದಾದ ಘಟನೆಗಳಿಂದ ಬಂದ ಬರೀ ಸ್ಟ್ರೆಸ್ ಅಥವಾ ಬರ್ನ್‌ಔಟ್‌ಗೆ ಪರಿಹಾರ ಇಲ್ಲ. ನಿಮ್ಮ ಮ್ಯಾನೇಜರ್ ಹಿಡಿದುಕೊಂಡಿರುವುದು ಈ ಕೊನೆಯ ಸಾಲನ್ನು.

ಕೆಲಸ ಜಾಸ್ತಿ, ಸ್ಟಾಫ್ ಕಡಿಮೆ, ಸುಸ್ತಾಗಿ ಹೋಗಿದ್ದೇನೆ ಅನ್ನುವುದಷ್ಟೇ ನಿಮ್ಮ ದೂರಾಗಿದ್ದರೆ ಆ ಸಾಲು ನಿಮಗೆ ನಿಜಕ್ಕೂ ಅಡ್ಡ ಬರುತ್ತಿತ್ತು. ಇದು ನ್ಯಾಯವೇ ಅಂತ ಕೇಳಿದರೆ ನನ್ನ ಪ್ರಕಾರ ಅಲ್ಲ. ಕೇರ್ ಕೆಲಸದಲ್ಲಿ ಜನರನ್ನು ಸವೆಸುವುದು ಒಂದು ದೊಡ್ಡ ಘಟನೆಗಿಂತ ದಿನದಿನದ ಅತಿಭಾರವೇ, ಕಾನೂನು ಅದನ್ನೇ ಹೊರಗಿಟ್ಟಿದೆ. ಆದರೆ ನಿಮಗೆ ಆಗಿರುವುದು ಅದಲ್ಲ. ನಿಮ್ಮ ಮೇಲೆ ಹಲ್ಲೆ ಆಗಿದೆ. ಅದಕ್ಕೆ ತಾರೀಕಿದೆ, ಹೊತ್ತಿದೆ, ಇನ್ಸಿಡೆಂಟ್ ಫಾರ್ಮ್ ಇದೆ. "ಡಿಮೆನ್ಷಿಯಾ ಇರುವವರು ಕೈ ಮಾಡುವುದು ಈ ಕೆಲಸದಲ್ಲಿ ಮಾಮೂಲು" ಅಂತ ಯಾರಾದರೂ ವಾದಿಸಿದರೆ ಎರಡು ಉತ್ತರ ಇವೆ. ಒಂದು, ಗುರುತಿಸಿದ ಮನೋರೋಗ ಬೇರೆ, ಬರೀ ಸ್ಟ್ರೆಸ್ ಬೇರೆ. ಎರಡು, ಕೆಲಸದಲ್ಲಿ ಮಾಮೂಲಾಗಿ ಆಘಾತಕಾರಿ ಘಟನೆಗಳನ್ನು ಎದುರಿಸುವವರಿಗೆ ಆ ಹೊರಗಿಡುವ ನಿಯಮ ಅನ್ವಯಿಸುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಹಲ್ಲೆ ಮಾಮೂಲು ಅಂತ ಅವರೇ ಒಪ್ಪಿಕೊಂಡರೆ ಆ ವಿನಾಯಿತಿಯನ್ನು ನೀವು ಕೇಳಬಹುದು.

ಹಾಗಾದರೆ ಮೊದಲ ಕೆಲಸ ಏನು? ಮತ್ತೆ ಜಿಪಿ ಹತ್ತಿರ ಹೋಗುವುದು. ಡಬಲ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಹತ್ತು ನಿಮಿಷದಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. "ವರ್ಕ್ ಸ್ಟ್ರೆಸ್" ಅಂತ ಬರೆದ ಜಿಪಿ ಕೆಟ್ಟದ್ದೇನೂ ಮಾಡಿಲ್ಲ. ಮೂರು ದಿನದ ರಜಾ ಚೀಟಿಗೆ ಅಷ್ಟು ಸಾಕಾಗಿತ್ತು. ವರ್ಕ್‌ಕವರ್‌ಗೆ ಸಾಲದು. ಅಲ್ಲಿ ಬೇಕಾಗಿರುವುದು ಒಂದು ರೋಗನಿರ್ಣಯ. ಅದು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನೋರೋಗ) ಇರಬಹುದು, ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ (ಕಷ್ಟದ ಘಟನೆಗೆ ಹೊಂದಿಕೊಳ್ಳಲಾಗದ ತೊಂದರೆ) ಇರಬಹುದು, ಬೇರೆ ಇನ್ನೇನೋ ಇರಬಹುದು. ಅದನ್ನು ಹೇಳಬೇಕಾದವರು ಡಾಕ್ಟರ್, ನಾನಲ್ಲ. ಒಂದು ಸಂಗತಿ ಮಾತ್ರ ತಿಳಿದಿರಲಿ: ಡಿಎಸ್‌ಎಂ ಪ್ರಕಾರ ಪಿಟಿಎಸ್‌ಡಿ ಅನ್ನಬೇಕಾದರೆ ಲಕ್ಷಣಗಳು ಒಂದು ತಿಂಗಳಿಗಿಂತ ಜಾಸ್ತಿ ಇರಬೇಕು. ಘಟನೆಯಾಗಿ ಏಳು ವಾರ ಆಗಿದೆ. ಮೊದಲ ಭೇಟಿಯಲ್ಲಿ ಹೇಳಲಾಗದ ಹೆಸರನ್ನು ಈಗ ಡಾಕ್ಟರ್ ಹೇಳಲು ಸಾಧ್ಯವಾಗಬಹುದು.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಮೊದಲು ಸೈಕಾಲಜಿಸ್ಟ್ ಹತ್ತಿರ ಹೋಗುತ್ತಾರೆ, ಅವರು ಒಳ್ಳೆಯ ವರದಿ ಬರೆದುಕೊಡುತ್ತಾರೆ, ಅದೇ ಸಾಕು ಅಂದುಕೊಳ್ಳುತ್ತಾರೆ. ಕಾನೂನು ಕೇಳುವುದು ಮೆಡಿಕಲ್ ಡಾಕ್ಟರ್ ಮಾಡಿದ ನಿರ್ಣಯ, ಅಂದರೆ ಜಿಪಿ ಅಥವಾ ಸೈಕಿಯಾಟ್ರಿಸ್ಟ್. ಸೈಕಾಲಜಿಸ್ಟ್ ವರದಿ ಜೊತೆಗಿದ್ದರೆ ಬಲ ಬರುತ್ತದೆ, ಅದೊಂದೇ ಇದ್ದರೆ ಸಾಲುವುದಿಲ್ಲ.

ಜಿಪಿ ಎದುರು ಕೂತಾಗ ನಮ್ಮ ಹೆಣ್ಣುಮಕ್ಕಳಿಗೆ ಒಂದು ಅಭ್ಯಾಸ. "ಸ್ವಲ್ಪ ನಿದ್ದೆ ಬರಲ್ಲ ಡಾಕ್ಟ್ರೇ, ಅಷ್ಟೇ" ಅಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೋಗುವ ಮುಂಚೆ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ: ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ, ಏನು ಕನಸು ಬೀಳುತ್ತದೆ, ಯಾವ ಸದ್ದಿಗೆ ಬೆಚ್ಚುತ್ತೀರಿ, ಯಾರಾದರೂ ಹಿಂದಿನಿಂದ ಬಂದರೆ ಏನಾಗುತ್ತದೆ, ಮನೆಯಲ್ಲಿ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ. ವಾಂತಿ ಶಿಫ್ಟ್ ಇರುವ ದಿನ ಮಾತ್ರವಾ, ರಜಾ ದಿನವೂ ಬರುತ್ತದಾ ಅನ್ನುವುದೂ ಮುಖ್ಯ. ಕುತ್ತಿಗೆ ಹಿಡಿದದ್ದನ್ನು ಬಿಡಿಸಿ ಹೇಳಿ. ಕಲೆ ಇದ್ದದ್ದನ್ನೂ ಹೇಳಿ. ಅದು ದೇಹದ ಗಾಯ, ಅದೂ ಕ್ಲೈಮ್‌ನಲ್ಲಿ ಸೇರಲಿ. ಫೋನ್‌ನಲ್ಲಿ ಫೋಟೋ ಇದ್ದರೆ ಜೋಪಾನ.

ಜಿಪಿ ಕೊಡಬೇಕಾದ್ದು ಮಾಮೂಲಿ ರಜಾ ಚೀಟಿ ಅಲ್ಲ, ವರ್ಕ್‌ಸೇಫ್‌ನ (ವರ್ಕ್‌ಕವರ್ ನಡೆಸುವ ಸರ್ಕಾರಿ ಸಂಸ್ಥೆ) ಸರ್ಟಿಫಿಕೇಟ್ ಆಫ್ ಕೆಪ್ಯಾಸಿಟಿ, ಅಂದರೆ ನೀವು ಎಷ್ಟು ಕೆಲಸ ಮಾಡಬಲ್ಲಿರಿ ಅಂತ ಹೇಳುವ ಪತ್ರ. ಮೊದಲನೆಯದು ಹೆಚ್ಚೆಂದರೆ 14 ದಿನಕ್ಕೆ, ಆಮೇಲಿನವು 28 ದಿನದವರೆಗೆ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ದಿನ ತಪ್ಪದಂತೆ ನೋಡಿಕೊಳ್ಳಿ. ಖಾಲಿ ಬಿಟ್ಟ ದಿನಗಳಿಗೆ ದುಡ್ಡು ಬರುವುದು ಕಷ್ಟ.

ಇನ್ನು ಎರಡನೇ ದೊಡ್ಡ ವಿಷಯ. ನಿಮ್ಮ ಪತ್ರದಲ್ಲಿ ಎರಡು ಕಥೆ ಸೇರಿಕೊಂಡಿವೆ. ಒಂದು ಆ ರಾತ್ರಿಯ ಹಲ್ಲೆ. ಇನ್ನೊಂದು ಆಮೇಲೆ ಸೂಪರ್‌ವೈಸರ್ ನಡೆದುಕೊಂಡ ರೀತಿ. ನಿಮಗೆ ಎರಡೂ ಒಂದೇ ನೋವು. ಎರಡನೆಯದೇ ಜಾಸ್ತಿ ಉರಿಯುತ್ತಿರಬಹುದು, ಬಿದ್ದವರ ಮೇಲೆ ಇನ್ನೊಂದು ಕಲ್ಲು ಹಾಕಿದ ಹಾಗೆ. ಆದರೆ ಕಾನೂನಿಗೆ ಅವು ಬೇರೆ ಬೇರೆ. ಗಾಯ ಪೂರ್ತಿಯಾಗಿ ಅಥವಾ ಪ್ರಧಾನವಾಗಿ ಮ್ಯಾನೇಜ್‌ಮೆಂಟಿನ ಕ್ರಮದಿಂದ ಬಂದಿದ್ದು, ಆ ಕ್ರಮಕ್ಕೆ ಸರಿಯಾದ ಕಾರಣವಿದ್ದು, ಅದನ್ನು ಸರಿಯಾದ ರೀತಿಯಲ್ಲೇ ಮಾಡಿದ್ದರೆ ಪರಿಹಾರ ಇಲ್ಲ. ಕೆಲಸದ ಮೌಲ್ಯಮಾಪನ, ವರ್ಗಾವಣೆ, ಶಿಸ್ತು ಕ್ರಮ, ವಿಚಾರಣೆ, ರಜೆ ನಿರಾಕರಣೆ, ಇವೆಲ್ಲ ಇದರಡಿ ಬರುತ್ತವೆ. ಕ್ಲೈಮ್ ತಳ್ಳಿಹಾಕಲು ವಿಮೆ ಏಜೆಂಟರು (ವರ್ಕ್‌ಸೇಫ್ ಪರವಾಗಿ ಕ್ಲೈಮ್ ನೋಡಿಕೊಳ್ಳುವವರು) ಕೈ ಹಾಕುವ ಮೊದಲ ನಿಯಮಗಳಲ್ಲಿ ಇದೂ ಒಂದು.

ನೀವು ಫಾರ್ಮ್‌ನಲ್ಲಿ "ಸೂಪರ್‌ವೈಸರ್ ಶಿಫ್ಟ್ ಕಡಿಮೆ ಮಾಡಿದ್ದರಿಂದ ಹೀಗಾಯಿತು" ಅಂತ ಶುರು ಮಾಡಿದರೆ ಕ್ಲೈಮ್ ಪೂರ್ತಿ ರೋಸ್ಟರ್ ಜಗಳ ಆಗಿಬಿಡುತ್ತದೆ. ಅವರು ರೋಸ್ಟರ್ ಬದಲಾವಣೆಗೆ ಹತ್ತು ಕಾರಣ ತೋರಿಸುತ್ತಾರೆ. ಅದರ ಬದಲು ಹಲ್ಲೆಯಿಂದ ಶುರು ಮಾಡಿ. ಲಕ್ಷಣ ಯಾವತ್ತಿನಿಂದ ಕಾಣಿಸಿತು ಅಂತ ಬರೆಯಿರಿ. ಹಲ್ಲೆಯಾದ ರಾತ್ರಿಯಿಂದಲೇ ನಿದ್ದೆ ಹೋಗಿದ್ದರೆ ಹಾಗೇ ಬರೆಯಿರಿ, ಏಕೆಂದರೆ ಸೂಪರ್‌ವೈಸರ್ ಮಾತು ಆಮೇಲಿನದು. ಆ ಮಾತನ್ನು ಮುಚ್ಚಿಡಬೇಕಾಗಿಲ್ಲ, ಮುಚ್ಚಿಡಲೂಬಾರದು. ಯಾವ ದಿನ, ಯಾವ ಜಾಗ, ಯಾರು ಕೇಳಿಸಿಕೊಂಡರು, ಅವರು ಅಂದ ಮಾತು ಏನು, ಅಷ್ಟನ್ನು ಹೇಳಿ. "ಅವರಿಗೆ ನನ್ನ ಕಂಡರೆ ಆಗದು" ಅನ್ನುವಂಥ ನಿಮ್ಮ ಊಹೆ ಬೇಡ. ಎಲ್ಲರೆದುರು ಹಾಗೆ ಬೈಯುವುದು ಸರಿಯಾದ ರೀತಿ ಅಲ್ಲ ಅಂತ ವಾದಿಸಲು ಖಂಡಿತ ಅವಕಾಶ ಇದೆ. ಅದು ಎರಡನೇ ಸಾಲಿನ ವಾದವಾಗಿರಲಿ ಅಷ್ಟೇ.

ದುಡ್ಡಿನ ಲೆಕ್ಕಕ್ಕೂ ಇದು ಮುಖ್ಯ. ವಾರದ ಪರಿಹಾರವನ್ನು ಗಾಯದ ತಾರೀಕಿನ ಹಿಂದಿನ ಒಂದು ವರ್ಷದ ಸರಾಸರಿ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. ಗಾಯದ ತಾರೀಕು ಹಲ್ಲೆಯ ದಿನವಾದರೆ, ಆಮೇಲೆ ಶಿಫ್ಟ್ ಕಡಿಮೆಯಾದ ವಾರಗಳು ಆ ಸರಾಸರಿಯನ್ನು ಇಳಿಸುವುದಿಲ್ಲ. ಮೊದಲ 13 ವಾರ ಆ ಸರಾಸರಿಯ 95%, ಆಮೇಲೆ 130 ವಾರದವರೆಗೆ 80%. ಸರಾಸರಿ 1,200 ಡಾಲರ್ ಇದ್ದರೆ ಮೊದಲು 1,140, ನಂತರ 960. ಇದಕ್ಕೆ ತೆರಿಗೆ ಇದೆ. ನೈಟ್ ಶಿಫ್ಟ್ ಭತ್ಯೆ, ಓವರ್‌ಟೈಮ್ ಮೊದಲ 52 ವಾರ ಲೆಕ್ಕಕ್ಕೆ ಬರುತ್ತವೆ. ನಿಮ್ಮಂಥ ರಾತ್ರಿ ಪಾಳಿಯವರಿಗೆ ಇದು ಸಣ್ಣ ಮೊತ್ತ ಅಲ್ಲ. ಹಾಗಾಗಿ ವರ್ಷದ ಪೇಸ್ಲಿಪ್ ಎಲ್ಲ ಇಳಿಸಿಕೊಂಡು ನಿಮ್ಮ ಸ್ವಂತ ಈಮೇಲ್‌ನಲ್ಲಿ ಇಟ್ಟುಕೊಳ್ಳಿ, ಕೆಲಸದ ಲಾಗಿನ್ ಇನ್ನೂ ನಡೆಯುತ್ತಿರುವಾಗಲೇ. 130 ವಾರ ದಾಟಿದ ಮೇಲೆ ನಿಯಮ ಬಹಳ ಬಿಗಿ: ಯಾವ ಕೆಲಸವೂ ಮಾಡಲಾಗದ ಸ್ಥಿತಿ ಇರಬೇಕು, ಜೊತೆಗೆ ಶಾಶ್ವತ ಹಾನಿ 20% ಮೀರಿರಬೇಕು. ಈಗಲೇ ಅಷ್ಟು ದೂರದ ಚಿಂತೆ ಬೇಡ.

ಇನ್ಸಿಡೆಂಟ್ ಫಾರ್ಮ್ ಆವತ್ತೇ ಬರೆದುಕೊಟ್ಟಿದ್ದು ತುಂಬಾ ಒಳ್ಳೆಯದಾಯಿತು. ಗಾಯ ಗೊತ್ತಾದ 30 ದಿನದೊಳಗೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಅನ್ನುವುದು ನಿಯಮ. ಅದರ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ಈಮೇಲ್‌ನಲ್ಲಿ ಕೇಳಿ. ಅದೇ ಈಮೇಲ್‌ನಲ್ಲಿ "ಆ ಘಟನೆಯ ನಂತರ ನನಗೆ ಇಂಥಿಂಥ ತೊಂದರೆ ಆಗುತ್ತಿದೆ" ಅಂತ ಒಂದೆರಡು ಸಾಲು ಸೇರಿಸಿ. ಆ ಹಿರಿಯರ ಪ್ರೋಗ್ರೆಸ್ ನೋಟ್ಸ್‌ನಲ್ಲೂ ಆ ರಾತ್ರಿಯ ವಿಷಯ ಬರೆದಿರುತ್ತಾರೆ. ಅದನ್ನು ಫೋಟೋ ತೆಗೆಯಬೇಡಿ. ಅದು ಅವರ ಖಾಸಗಿ ದಾಖಲೆ, ನೀವೇ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ತಾರೀಕು, ಗಂಟೆ, ಆಮೇಲೆ ಯಾರಿಗೆ ಹ್ಯಾಂಡೋವರ್ ಕೊಟ್ಟಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ, ಸಾಕು. ದಾಖಲೆ ಇದೆ ಅಂತ ಹೇಳಿದರೆ ಅದನ್ನು ತರಿಸಿಕೊಳ್ಳುವ ದಾರಿ ಇದೆ.

ಕ್ಲೈಮ್ ಫಾರ್ಮ್ ಮತ್ತು ಸರ್ಟಿಫಿಕೇಟ್ ಮಾಲೀಕರ ಕೈಗೆ ಹೋಗುತ್ತವೆ. ನಿಮ್ಮ ರೋಗನಿರ್ಣಯ ಅವರಿಗೆ ಕಾಣುತ್ತದೆ, ಇದನ್ನು ಮೊದಲೇ ತಿಳಿದಿರಿ. ಹಾಗಾಗಿ ಫಾರ್ಮ್‌ನಲ್ಲಿ ಮನೆಯ ವಿಷಯ ಸುಮ್ನೆ ತುಂಬಿಸಬೇಡಿ. ತೆಗೆದುಕೊಳ್ಳಲು ಅವರು ಒಪ್ಪದಿದ್ದರೆ ನೇರವಾಗಿ ವರ್ಕ್‌ಸೇಫ್‌ಗೆ ಕಳಿಸಬಹುದು. ಮನಸ್ಸಿನ ಗಾಯದ ಕ್ಲೈಮ್ ಬಂದರೆ ಮೂರು ಕೆಲಸದ ದಿನದೊಳಗೆ ಮಾಲೀಕರು ವಿಮೆ ಏಜೆಂಟರಿಗೆ ತಿಳಿಸಬೇಕು. ಇದಕ್ಕೊಂದು ಕಾರಣ ಇದೆ, ಇದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. 2021ರ ಜುಲೈ 1ರಿಂದ ಇಲ್ಲಿ ಪ್ರಾವಿಷನಲ್ ಪೇಮೆಂಟ್ಸ್ ಅನ್ನುವ ವ್ಯವಸ್ಥೆ ಇದೆ. ಕ್ಲೈಮ್ ತೀರ್ಮಾನ ಆಗುವ ಮುಂಚೆಯೇ 13 ವಾರದವರೆಗೆ ಜಿಪಿ, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್, ಔಷಧಿಯ ಸಮಂಜಸ ಖರ್ಚು ಅದರಲ್ಲಿ ಬರುತ್ತದೆ. ಆಮೇಲೆ ಕ್ಲೈಮ್ ತಿರಸ್ಕಾರವಾದರೂ ಆ 13 ವಾರದ ಖರ್ಚು ಸಿಗುತ್ತದೆ. ಭಾರತದಿಂದ 482ರಲ್ಲಿ ಬಂದ ನಿಮಗೆ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಇಲ್ಲ, ಸೈಕಾಲಜಿಸ್ಟ್ ಫೀಸಿಗೆ ಹೆದರಿ ಚಿಕಿತ್ಸೆ ಮುಂದೂಡಿರುತ್ತೀರಿ. ಅದೊಂದೇ ಕಾರಣಕ್ಕಾದರೂ ಕ್ಲೈಮ್ ಹಾಕುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಇದರಲ್ಲಿ ಸಂಬಳ ಸೇರಿಲ್ಲ. ಅಲ್ಲಿಯವರೆಗೆ ಸಿಕ್ ಲೀವ್ ಬಳಸಬೇಕಾಗಬಹುದು.

ಏಜೆಂಟರು ಸಾಮಾನ್ಯವಾಗಿ 28 ದಿನದಲ್ಲಿ ತೀರ್ಮಾನ ಹೇಳಬೇಕು. ಅಷ್ಟರೊಳಗೆ ಒಬ್ಬ ತನಿಖೆಗಾರರು ನಿಮ್ಮ ಹೇಳಿಕೆ ಕೇಳಬಹುದು, ಅವರು ಗೊತ್ತುಮಾಡಿದ ಸೈಕಿಯಾಟ್ರಿಸ್ಟ್ ಒಬ್ಬರು ನೋಡಬಹುದು. ಎರಡಕ್ಕೂ ದುಭಾಷಿ ಕೇಳಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅನಿಸಿದರೂ ಕೇಳಿ. ಭಯವನ್ನು ಎರಡನೇ ಭಾಷೆಯಲ್ಲಿ ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ. ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ, ದುಭಾಷಿ ಮಾಡಬೇಡಿ. ಹೇಳಿಕೆಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ, ತಪ್ಪಿದ್ದರೆ ತಿದ್ದಿಸಿ, ಪ್ರತಿ ಕೇಳಿ. ಹಿಂದೆ ಯಾವಾಗಲಾದರೂ ಖಿನ್ನತೆಗೆ ಔಷಧಿ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಕ್ಲೈಮ್ ಫಾರ್ಮ್‌ನಲ್ಲಿ ನೀವು ಸಹಿ ಹಾಕುವ ಒಪ್ಪಿಗೆಯಿಂದ ಜಿಪಿ ದಾಖಲೆ ಅವರಿಗೆ ಸಿಗುತ್ತದೆ. ಹಳೆಯ ತೊಂದರೆ ಇದ್ದ ಮಾತ್ರಕ್ಕೆ ಕ್ಲೈಮ್ ಬೀಳುವುದಿಲ್ಲ, ಮುಚ್ಚಿಟ್ಟರೆ ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ.

ತಿರಸ್ಕಾರದ ಪತ್ರ ಬಂದರೆ ಕುಗ್ಗಬೇಡಿ. ವಿಕ್ಟೋರಿಯಾದ ಒಂಬುಡ್ಸ್‌ಮನ್ (ಸರ್ಕಾರಿ ಸಂಸ್ಥೆಗಳ ಮೇಲಿನ ದೂರು ತನಿಖೆ ಮಾಡುವ ಅಧಿಕಾರಿ) 2016ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಈ ಏಜೆಂಟರ ತೀರ್ಮಾನಗಳನ್ನು ತನಿಖೆ ಮಾಡಿ, ಸಂಕೀರ್ಣ ಕ್ಲೈಮ್‌ಗಳಲ್ಲಿ ನ್ಯಾಯವಲ್ಲದ ತೀರ್ಮಾನಗಳು ಆಗಿವೆ ಅಂತ ವರದಿ ಕೊಟ್ಟಿದ್ದಾರೆ. ಪತ್ರ ಕೈಗೆ ಬಂದ 60 ದಿನದೊಳಗೆ ವರ್ಕ್‌ಪ್ಲೇಸ್ ಇಂಜುರಿ ಕಮಿಷನ್‌ಗೆ ರಾಜಿ ಮಾತುಕತೆಗೆ ಅರ್ಜಿ ಹಾಕಿ. ಅದಕ್ಕೆ ಖರ್ಚಿಲ್ಲ. ಅಲ್ಲಿ ನಿಮ್ಮ ಜೊತೆ ಕೂತು ಮಾತಾಡಲು ವರ್ಕ್‌ಕವರ್ ಅಸಿಸ್ಟ್ ಮತ್ತು ಯೂನಿಯನ್ ಅಸಿಸ್ಟ್ ಅನ್ನುವ ಉಚಿತ ಸೇವೆಗಳಿವೆ. ಅಲ್ಲೂ ಬಗೆಹರಿಯದಿದ್ದರೆ ಕಮಿಷನ್‌ನಲ್ಲೇ ಆರ್ಬಿಟ್ರೇಶನ್ (ಮಧ್ಯಸ್ಥರ ತೀರ್ಪು) ಅಥವಾ ಕೋರ್ಟ್. ಆ ಹಂತಕ್ಕೆ ವಕೀಲರು ಬೇಕು.

ಈಗ ಗಂಡ ಹೇಳಿದ ಮಾತು. ಕೆಲಸ ಬಿಡು ಅನ್ನುವುದು ನಿಮ್ಮ ಮೇಲಿನ ಕಾಳಜಿಯಿಂದಲೇ. ಆದರೆ ಈಗ ರಾಜೀನಾಮೆ ಕೊಡಬೇಡಿ. ಡಾಕ್ಟರ್ ಕೆಲಸ ಮಾಡಲಾಗದು ಅಂದರೆ ಸರ್ಟಿಫಿಕೇಟ್ ಮೇಲೆ ಮನೆಯಲ್ಲಿರಿ. ಅದು ಕೆಲಸ ಬಿಟ್ಟ ಹಾಗಲ್ಲ. ಕ್ಲೈಮ್ ಒಪ್ಪಿದರೆ ನಿಮಗೆ ಸೂಕ್ತವಾದ ಕೆಲಸವನ್ನು 52 ವಾರದವರೆಗೆ ಮಾಲೀಕರು ಒದಗಿಸಬೇಕು. ಹಗಲು ಪಾಳಿ, ಬೇರೆ ವಿಂಗ್, ಇಬ್ಬರ ಜೋಡಿ, ಇವೆಲ್ಲ ಡಾಕ್ಟರ್ ಸರ್ಟಿಫಿಕೇಟ್‌ನಲ್ಲಿ ಬರೆಯಬಹುದಾದ ವಿಷಯಗಳು. ನೀವು ಬಾಯಲ್ಲಿ ಕೇಳಿದಾಗ ಬೈದವರು ಡಾಕ್ಟರ್ ಬರೆದದ್ದನ್ನು ಹಾಗೆ ತಳ್ಳಿಹಾಕಲಾರರು. ಕ್ಲೈಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು, ತೊಂದರೆ ಕೊಡುವುದು ಅಪರಾಧ.

ವೀಸಾ ಕಾರಣಕ್ಕೂ ರಾಜೀನಾಮೆ ಬೇಡ. ತಾತ್ಕಾಲಿಕ ವೀಸಾದವರಿಗೂ ವರ್ಕ್‌ಕವರ್ ಇದೆ, ಕ್ಲೈಮ್ ಹಾಕುವುದು ವೀಸಾ ಷರತ್ತಿನ ಉಲ್ಲಂಘನೆ ಅಲ್ಲ. ಆದರೆ ನೌಕರಿ ಕೊನೆಗೊಂಡರೆ ಸ್ಪಾನ್ಸರ್ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ಆಗ ಹೊಸ ಸ್ಪಾನ್ಸರ್ ಹುಡುಕಲು ಒಮ್ಮೆಗೆ 180 ದಿನ, ವೀಸಾದ ಅವಧಿಗೆಲ್ಲ ಸೇರಿ 365 ದಿನ. ಈ ಕಾಲಾವಕಾಶ 2024ರ ಜುಲೈನಿಂದ ಬಂದದ್ದು, ಮೊದಲಿಗಿಂತ ವಾಸಿ. ಆದರೂ ನಿದ್ದೆ ಇಲ್ಲದ ಸ್ಥಿತಿಯಲ್ಲಿ ಆ ಗಡಿಯಾರ ಶುರು ಮಾಡಿಕೊಳ್ಳುವುದು ಯಾಕೆ?

ಗೆಳತಿಯ ಮಾತಿಗೆ ಬರೋಣ. ಪಿಆರ್‌ಗೆ ಆರೋಗ್ಯ ತಪಾಸಣೆ ಇದೆ, ಅಲ್ಲಿ ಕೇಳಿದ್ದಕ್ಕೆ ನಿಜ ಹೇಳಬೇಕು. ಆದರೆ ಅವರು ನೋಡುವುದು "ಮೆಂಟಲ್" ಅನ್ನುವ ಹಣೆಪಟ್ಟಿಯನ್ನಲ್ಲ. ನಿಮ್ಮ ಚಿಕಿತ್ಸೆಗೆ ಸರ್ಕಾರಕ್ಕೆ ಎಷ್ಟು ಖರ್ಚು ಬರಬಹುದು ಅನ್ನುವ ಲೆಕ್ಕ ಅಲ್ಲಿ ಮುಖ್ಯ. 2024ರ ಜುಲೈನಿಂದ ಆ ಮಿತಿ 86,000 ಡಾಲರ್. ಕೆಲವು ತಿಂಗಳ ಕೌನ್ಸೆಲಿಂಗ್ ಅದರ ಹತ್ತಿರಕ್ಕೂ ಬರುವುದಿಲ್ಲ. ಚಿಕಿತ್ಸೆ ಪಡೆದು ಕೆಲಸಕ್ಕೆ ಮರಳಿದವರ ಫೈಲ್, ಚಿಕಿತ್ಸೆಯಿಲ್ಲದೆ ಕುಸಿದು ಕೆಲಸ ಕಳೆದುಕೊಂಡವರ ಫೈಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಅರ್ಜಿಯ ವಿವರಕ್ಕೆ ಮಾತ್ರ ರಿಜಿಸ್ಟರ್ಡ್ ಮೈಗ್ರೇಶನ್ ಏಜೆಂಟ್ ಅಥವಾ ವಕೀಲರನ್ನೇ ಕೇಳಿ, ಗೆಳತಿಯರನ್ನಲ್ಲ. ನಡುವೆ ಊರಿಗೆ ಹೋಗಿ ಅಮ್ಮನ ಹತ್ತಿರ ಸ್ವಲ್ಪ ದಿನ ಇದ್ದು ಬರುವ ಆಸೆ ಆಗಬಹುದು. ಟಿಕೆಟ್ ಮಾಡುವ ಮುಂಚೆ ವಿಮೆ ಏಜೆಂಟರನ್ನು ಕೇಳಿ, ದೇಶದ ಹೊರಗಿರುವಾಗ ವಾರದ ಹಣ ನಿಲ್ಲಬಹುದು.

ಕ್ಲೈಮ್ ನಿಮ್ಮೊಬ್ಬರದು, ಆದರೆ ರಾತ್ರಿ ಆ ವಿಂಗ್‌ನಲ್ಲಿ ಇವತ್ತು ಇನ್ನೊಬ್ಬ ಕೇರರ್ ಒಬ್ಬಂಟಿಯಾಗಿ ಇರುತ್ತಾಳೆ. 2025ರ ಡಿಸೆಂಬರ್ 1ರಿಂದ ವಿಕ್ಟೋರಿಯಾದಲ್ಲಿ ಮಾನಸಿಕ ಆರೋಗ್ಯದ ಪ್ರತ್ಯೇಕ ನಿಯಮಗಳು ಜಾರಿಯಲ್ಲಿವೆ. ಹಲ್ಲೆ, ಬೆದರಿಕೆ, ಕಿರುಕುಳದಂಥ ಅಪಾಯಗಳನ್ನು ಮಾಲೀಕರೇ ಗುರುತಿಸಿ ತಡೆಯಬೇಕು. ನಿಮ್ಮ ಹೋಮ್‌ನಲ್ಲಿ ಹೆಲ್ತ್ ಅಂಡ್ ಸೇಫ್ಟಿ ರೆಪ್ರೆಸೆಂಟೇಟಿವ್ ಇದ್ದರೆ ಈ ವಿಷಯ ಅವರ ಕಿವಿಗೆ ಹಾಕಿ. ಇಲ್ಲದಿದ್ದರೆ ಯೂನಿಯನ್‌ಗೆ ಹೇಳಿ, ಅಥವಾ ನೀವೇ ವರ್ಕ್‌ಸೇಫ್‌ಗೆ ತಿಳಿಸಬಹುದು.

ವರ್ಕ್‌ಸೇಫ್ ಸಲಹಾ ನಂಬರ್ 1800 136 089. ಇಂಗ್ಲಿಷ್‌ನಲ್ಲಿ ಕಷ್ಟ ಅನಿಸಿದರೆ ಮೊದಲು 131 450ಕ್ಕೆ ಮಾಡಿ, ಕನ್ನಡ ದುಭಾಷಿ ಬೇಕು ಅಂತ ಹೇಳಿ, ಅವರೇ ವರ್ಕ್‌ಸೇಫ್‌ಗೆ ಜೋಡಿಸುತ್ತಾರೆ. ಜಿಪಿ ಅಪಾಯಿಂಟ್‌ಮೆಂಟ್ ಮಾತ್ರ ಈ ವಾರವೇ ಆಗಲಿ.